ಅಡಿಕೆ ತೋಟದ ಮಣ್ಣು ಇಂದೋರಿಗೆ ಯಾಕೆ ಹೋಗಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲೂಕು. ಎರಡು ಎಕರೆ ಅಡಿಕೆ ತೋಟ ಇದೆ. ಮಗಳು ಶಂಕರಘಟ್ಟದಲ್ಲಿ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ನಮ್ಮ ತೋಟದ ಮಣ್ಣನ್ನೇ ಕಟ್ಟಿಕೊಂಡು ಇಂದೋರಿನ ‘ಇಂಡಸ್-2’ ಅನ್ನುವ ಆಕ್ಸಿಲರೇಟರ್‌ಗೆ ಹೋಗುತ್ತಾಳಂತೆ. ಕೊಳೆರೋಗಕ್ಕೆ ಹೊಡೆದ ಔಷಧಿಯ ತಾಮ್ರ ಮಣ್ಣಲ್ಲಿ ಏನಾಗಿದೆ ಅಂತ ನೋಡುವುದಂತೆ. ಅಣು ಒಡೆಯುವ ಮಷೀನಿಗೂ ತೋಟದ ಮಣ್ಣಿಗೂ ಏನು ಸಂಬಂಧ ಸಾರ್? ಇಲ್ಲೇ ಮಣ್ಣು ಪರೀಕ್ಷೆ ಮಾಡಿಸಿದರೆ ಆಗಲ್ವಾ? ವಿಕಿರಣ ಅಂತ ಮನೆಯವಳಿಗೆ ಹೆದರಿಕೆ. ನಾನೂ ಜೊತೆಗೆ ಹೋಗಬಹುದಾ?

ಉತ್ತರ: ಗೌಡ್ರೇ, ನೀವು ಪ್ರತಿ ವರ್ಷ ಮನೆ ಅಂಗಳದಲ್ಲೇ ಮಾಡುವ ಒಂದು ಪರೀಕ್ಷೆಯಿಂದ ಶುರು ಮಾಡುತ್ತೇನೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುತ್ತೀರಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಕಲಸಿದ ಮೇಲೆ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತೀರಲ್ಲ, ಅಲಗಿನ ಮೇಲೆ ಕೆಂಪು ಕೂತರೆ ‘ಸುಣ್ಣ ಸಾಲದು’ ಅಂತ ಇನ್ನಷ್ಟು ಹಾಕುತ್ತೀರಿ. ಆ ಕೆಂಪು ತಾಮ್ರ. ಸುಣ್ಣಕ್ಕೆ ಸಿಕ್ಕದೆ ನೀರಿನಲ್ಲಿ ಬಿಡಿಯಾಗಿ ಓಡಾಡುತ್ತಿದ್ದದ್ದು ಕಬ್ಬಿಣ ಕಂಡ ಕೂಡಲೇ ಬಂದು ಅಂಟಿಕೊಂಡಿತು. ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ. ಸುಣ್ಣ ಸರಿಹೋದ ಮೇಲೆ ಅದ್ದಿದರೆ ಅಲಗು ಹೇಗಿತ್ತೋ ಹಾಗೇ ಬರುತ್ತದೆ. ಡ್ರಮ್ಮಿನಲ್ಲಿರುವ ತಾಮ್ರವೇನೂ ಕಮ್ಮಿಯಾಗಿಲ್ಲ. ಅದರ ರೂಪ ಬದಲಾಗಿದೆ, ಅಷ್ಟೇ.

ನಿಮ್ಮ ಮಗಳು ಕೇಳುತ್ತಿರುವುದೂ ಇದನ್ನೇ. ಮಣ್ಣಿಗೆ ಬಿದ್ದ ತಾಮ್ರ ಈಗ ಯಾವ ರೂಪದಲ್ಲಿದೆ? ಮಣ್ಣಿಗೆ ಕತ್ತಿ ಅದ್ದಿ ನೋಡಲು ಬರುವುದಿಲ್ಲ. ಅದಕ್ಕೇ ಇಂದೋರು.

ಇಲ್ಲಿಯ ಮಣ್ಣು ಪರೀಕ್ಷೆಯನ್ನು ನಾನು ಹಗುರ ಮಾಡುತ್ತಿಲ್ಲ. ಅದು ಬೇಕೇ ಬೇಕು. ಆದರೆ ಅದು ಹೇಳುವುದು ಎಷ್ಟಿದೆ ಅನ್ನುವುದನ್ನು. ಒಂದು ಕೆಜಿ ಮೈಲುತುತ್ತದಲ್ಲಿ ಸುಮಾರು ಕಾಲು ಕೆಜಿ ತಾಮ್ರ ಇರುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ ಈ ಔಷಧಿಯನ್ನು ಮಲೆನಾಡಿನಲ್ಲಿ ಬಳಕೆಗೆ ತಂದು ನೂರು ವರ್ಷ ದಾಟಿತು. ನಿಮ್ಮ ಅಜ್ಜನ ಕಾಲದಿಂದ ಪ್ರತಿ ಮಳೆಗಾಲ ಎರಡೆರಡು ಸಲ ಹೊಡೆದದ್ದು ಅಡಿಕೆ ಗೊನೆಯಿಂದ ತೊಟ್ಟಿಕ್ಕಿ ಬುಡಕ್ಕೆ ಇಳಿದಿದೆ. ತಾಮ್ರ ಕೊಳೆತು ಹೋಗುವ ವಸ್ತು ಅಲ್ಲ. ಅದರಲ್ಲಿ ಒಂದಷ್ಟು ಗೊಬ್ಬರದ ಕಪ್ಪಿಗೆ ಗಟ್ಟಿಯಾಗಿ ಅಂಟಿಕೊಂಡಿರಬಹುದು. ಒಂದಷ್ಟು ಕೆಂಪು ಮಣ್ಣಿನ ಕಬ್ಬಿಣದ ಜೊತೆ ಕೂತಿರಬಹುದು. ಒಂದಷ್ಟು ಸಡಿಲವಾಗಿದ್ದು ಎರೆಹುಳಕ್ಕೋ ಬೇರಿಗೋ ಹಳ್ಳದ ನೀರಿಗೋ ಸಿಗುತ್ತಿರಬಹುದು. ಎರಡು ತೋಟದಲ್ಲಿ ತಾಮ್ರ ಒಂದೇ ಅಳತೆ ಇದ್ದರೂ ಒಂದು ಕಡೆ ತೊಂದರೆ ಇಲ್ಲದೆ, ಇನ್ನೊಂದು ಕಡೆ ಇರಬಹುದು.

ರೂಪ ತಿಳಿಯುವುದು ಹೇಗೆ ಅನ್ನುವುದೇ ಇದರಲ್ಲಿ ಸ್ವಾರಸ್ಯ. ತಾಮ್ರದ ಪರಮಾಣುವಿನ ತೀರ ಒಳಗಿನ ಎಲೆಕ್ಟ್ರಾನನ್ನು ಕಿತ್ತು ಹೊರಹಾಕಲು 8979 ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಕ್ಸ್‌ರೇ ಬೇಕು. ಅದಕ್ಕಿಂತ ಸ್ವಲ್ಪ ಕಮ್ಮಿ ಇದ್ದರೆ ಎಕ್ಸ್‌ರೇ ಸುಮ್ನೆ ದಾಟಿಹೋಗುತ್ತದೆ. ಆ ಹೊಸ್ತಿಲು ಮುಟ್ಟಿದ ಕೂಡಲೇ ತಾಮ್ರ ಅದನ್ನು ಗಬಕ್ಕನೆ ನುಂಗುತ್ತದೆ. ಕಬ್ಬಿಣದ ಹೊಸ್ತಿಲು ಬೇರೆ, 7112ರಲ್ಲಿ. ಈಗ ತಾಮ್ರ ತನ್ನ ಹೊರಗಿನ ಎಲೆಕ್ಟ್ರಾನನ್ನು ಯಾರಿಗೋ ಬಿಟ್ಟುಕೊಟ್ಟಿದ್ದರೆ ಒಳಗಿನದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೊಸ್ತಿಲು ಕೆಲವೇ ಎಲೆಕ್ಟ್ರಾನ್‌ವೋಲ್ಟಿನಷ್ಟು ಮೇಲೇರುತ್ತದೆ. ಹೊಸ್ತಿಲು ದಾಟಿದ ಮೇಲೆ ಗ್ರಾಫಿನಲ್ಲಿ ಸಣ್ಣ ಸಣ್ಣ ಅಲೆಗಳೂ ಕಾಣುತ್ತವೆ. ಪಕ್ಕದಲ್ಲಿ ಕೂತಿರುವುದು ಆಮ್ಲಜನಕವೋ ಗಂಧಕವೋ, ಎಷ್ಟು ದೂರದಲ್ಲಿ, ಎಷ್ಟು ಮಂದಿ ಅನ್ನುವುದನ್ನು ಆ ಅಲೆಗಳಿಂದ ಲೆಕ್ಕ ಹಾಕಬಹುದು.

ಇದಕ್ಕೆ ಬೇಕಾದದ್ದು ಒಂದು ಎಲೆಕ್ಟ್ರಾನ್‌ವೋಲ್ಟ್ ಆಚೀಚೆ ತಿರುಗಿಸಬಹುದಾದ, ತುಂಬಾ ಪ್ರಖರವಾದ ಎಕ್ಸ್‌ರೇ. ಹಳೇ ರೇಡಿಯೊದಲ್ಲಿ ಭದ್ರಾವತಿ ಸ್ಟೇಷನ್ ಹಿಡಿಯಲು ಮುಳ್ಳನ್ನು ಮೆಲ್ಲಗೆ ತಿರುಗಿಸುತ್ತಿದ್ದೆವಲ್ಲ, ಹಾಗೆ. ಆಸ್ಪತ್ರೆಯ ಎಕ್ಸ್‌ರೇ ಟ್ಯೂಬು ಕೆಲವೇ ಸ್ಟೇಷನ್‌ಗಳಲ್ಲಿ ಗಟ್ಟಿಯಾಗಿ ಕೂಗುತ್ತದೆ, ಉಳಿದ ಕಡೆ ಬರೀ ಪಿಸುಮಾತು. ಎಲ್ಲಾ ಕಡೆಯೂ ಗಟ್ಟಿಯಾಗಿ ಕೇಳಬೇಕೆಂದರೆ ಆಕ್ಸಿಲರೇಟರ್ ಬೇಕು.

ಈಗ ‘ಅಣು ಒಡೆಯುವ ಮಷೀನು’ ಅನ್ನುವ ಮಾತಿಗೆ ಬರೋಣ. ಕಣಗಳನ್ನು ಒಂದಕ್ಕೊಂದು ಗುದ್ದಿಸುವ ಆಕ್ಸಿಲರೇಟರ್‌ಗಳು ಇವೆ, ಪೇಪರಿನಲ್ಲಿ ಬರುವುದು ಅವೇ. ಇಂಡಸ್-2 ಆ ಜಾತಿಯದಲ್ಲ. ಅಲ್ಲಿ ಯಾರೂ ಯಾರಿಗೂ ಗುದ್ದುವುದಿಲ್ಲ. ಎಲೆಕ್ಟ್ರಾನುಗಳು ಉಂಗುರದೊಳಗೆ ಸುತ್ತುತ್ತವೆ, ಸುತ್ತುವಾಗ ಬೆಳಕು ಬಿಡುತ್ತವೆ. ಆ ಬೆಳಕೇ ಬೆಳೆ.

ಮೊದಲು ಮೈಕ್ರೊಟ್ರಾನ್ ಎಂಬ ಸಣ್ಣ ಯಂತ್ರ ಎಲೆಕ್ಟ್ರಾನುಗಳನ್ನು 2 ಕೋಟಿ ಎಲೆಕ್ಟ್ರಾನ್‌ವೋಲ್ಟಿನಷ್ಟು ಶಕ್ತಿಗೆ ಏರಿಸುತ್ತದೆ. ಅಲ್ಲಿಂದ ಬೂಸ್ಟರ್ ಎಂಬ ಇನ್ನೊಂದು ಉಂಗುರ. ಆಮೇಲೆ ಎರಡು ದಾರಿ. ಒಂದು ಇಂಡಸ್-1ಕ್ಕೆ ಹೋಗುತ್ತದೆ. ಅದು 1999ರಲ್ಲಿ ಶುರುವಾದದ್ದು, ಸುತ್ತಳತೆ 19 ಮೀಟರ್ ಕೂಡ ಇಲ್ಲ. ಇನ್ನೊಂದು ಇಂಡಸ್-2ಕ್ಕೆ. ಅದರ ಸುತ್ತಳತೆ 172 ಮೀಟರಿಗೆ ತುಸು ಜಾಸ್ತಿ. ಅಲ್ಲಿ ಶಕ್ತಿ 250 ಕೋಟಿ ಎಲೆಕ್ಟ್ರಾನ್‌ವೋಲ್ಟ್ ಮುಟ್ಟುತ್ತದೆ. ಬಗ್ಗಿಸಲು 16 ದೊಡ್ಡ ಮ್ಯಾಗ್ನೆಟ್‌ಗಳು. ಒಂದೊಂದೂ ದಾರಿಯನ್ನು ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಿದರೆ ಒಂದು ಸುತ್ತು ಮುಗಿಯಿತು. ಸೆಕೆಂಡಿಗೆ ಹದಿನೇಳು ಲಕ್ಷಕ್ಕೂ ಹೆಚ್ಚು ಸುತ್ತು.

ನನಗೆ ಇಷ್ಟವಾದ ಒಂದು ಲೆಕ್ಕ ಇದೆ. ಆ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗಕ್ಕಿಂತ ಎಷ್ಟು ಕಮ್ಮಿ ಗೊತ್ತಾ? ಗಂಟೆಗೆ 22 ಕಿಲೋಮೀಟರ್ ಚಿಲ್ಲರೆ. ಆಗುಂಬೆ ಘಾಟಿ ಹತ್ತುವ ಬಸ್ಸಿನ ವೇಗ! ಮೈಕ್ರೊಟ್ರಾನಿನಿಂದ ಹೊರಬೀಳುವಾಗಲೇ ಅವು ಬೆಳಕಿನ ಹತ್ತಿರ ಹತ್ತಿರ ಓಡುತ್ತಿರುತ್ತವೆ. ಅಲ್ಲಿಂದಾಚೆ ಶಕ್ತಿ 125 ಪಟ್ಟು ಏರಿದರೂ ವೇಗ ಏರುವುದು ಶೇಕಡಾ 1ರ ಮೂವತ್ತನೇ ಒಂದು ಪಾಲು. ಹಾಗಾಗಿ ಆಕ್ಸಿಲರೇಟರಿಗೆ ‘ವೇಗವರ್ಧಕ’ ಅನ್ನುವ ಹೆಸರೇ ಅರ್ಧ ಸುಳ್ಳು. ಶಾಲೆ ಪುಸ್ತಕದಲ್ಲಿ ಬೇರೆ ಹೆಸರು ಇಟ್ಟಿದ್ದರೆ ಚೆನ್ನಾಗಿತ್ತು.

ಬೆಳಕು ಎಲ್ಲಿಂದ ಬರುತ್ತದೆ? ಮಳೆಯಲ್ಲಿ ಮಕ್ಕಳು ಒದ್ದೆ ಕೊಡೆಯನ್ನು ಗಿರ್ರನೆ ತಿರುಗಿಸುವುದನ್ನು ನೋಡಿದ್ದೀರಿ. ಹನಿಗಳು ಅಂಚಿನಿಂದ ಸುತ್ತುತ್ತಾ ಹೋಗುವುದಿಲ್ಲ, ಬಿಟ್ಟ ಜಾಗದಿಂದ ನೇರ ಗೆರೆ ಹಿಡಿದು ಹಾರುತ್ತವೆ. ಉಂಗುರದಲ್ಲಿ ಎಲೆಕ್ಟ್ರಾನ್ ಬಗ್ಗುವ ಪ್ರತಿ ಮೂಲೆಯಿಂದಲೂ ಬೆಳಕು ಹಾಗೇ ನೇರಕ್ಕೆ ಹೊರಡುತ್ತದೆ. ಕೊಡೆಯಲ್ಲಿ ಹಾರುವುದು ನೀರು, ಇಲ್ಲಿ ಎಲೆಕ್ಟ್ರಾನ್ ತಾನು ಹೊರಗೆ ಬರುವುದಿಲ್ಲ, ಶಕ್ತಿಯನ್ನು ಮಾತ್ರ ಬಿಟ್ಟುಕೊಡುತ್ತದೆ. ಪ್ರತಿ ಸುತ್ತಿಗೆ ಆರು ಲಕ್ಷ ಎಲೆಕ್ಟ್ರಾನ್‌ವೋಲ್ಟಿಗೂ ಹೆಚ್ಚು ಕಳೆದುಕೊಳ್ಳುತ್ತದೆ. ಅಷ್ಟನ್ನೂ ಮತ್ತೆ ತುಂಬಲು ರೇಡಿಯೊ ಅಲೆಯ ಪೆಟ್ಟಿಗೆಗಳಿವೆ. ತುಂಬದಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಎಲ್ಲಾ ಮುಗಿದುಹೋಗುತ್ತದೆ.

ಹೊರಟ ಬೆಳಕನ್ನು ಹಿಡಿಯಲು ಉಂಗುರದ ಸುತ್ತ ಕೊಳವೆಗಳಿವೆ. ಅವಕ್ಕೆ ಬೀಮ್‌ಲೈನ್ ಅನ್ನುತ್ತಾರೆ. ಭದ್ರಾ ನಾಲೆಯ ತೂಬುಗಳನ್ನು ನೆನಪು ಮಾಡಿಕೊಳ್ಳಿ. ನಾಲೆ ಒಂದೇ, ನೀರು ಒಂದೇ. ಒಂದು ತೂಬಿನ ಕೆಳಗೆ ಭತ್ತ, ಇನ್ನೊಂದರ ಕೆಳಗೆ ಕಬ್ಬು, ಮತ್ತೊಂದರಲ್ಲಿ ಅಡಿಕೆ. ಇಂಡಸ್-2ರ ಸುತ್ತ ಇಪ್ಪತ್ತಕ್ಕೂ ಹೆಚ್ಚು ತೂಬುಗಳಿಗೆ ಜಾಗ ಇದೆ. ಒಂಬತ್ತನೆಯದು ನಿಮ್ಮ ಮಗಳಿಗೆ ಬೇಕಾದಂಥದು, ಹೊಸ್ತಿಲು ಮತ್ತು ಅಲೆ ನೋಡುವುದು. ಹದಿನಾರನೆಯದರಲ್ಲಿ ಬೆಳಕನ್ನು ಸೂಜಿಮೊನೆಗಿಂತ ಸಣ್ಣದು ಮಾಡಿ, ಒಂದು ಎಲೆಯಲ್ಲೋ ಬೇರಿನಲ್ಲೋ ಯಾವ ಧಾತು ಎಲ್ಲಿ ಕೂತಿದೆ ಅಂತ ನಕ್ಷೆ ಬರೆಯಬಹುದು. ಇಪ್ಪತ್ತೊಂದನೆಯದು ಪ್ರೊಟೀನ್ ಹರಳುಗಳಿಗೆ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ನಮ್ಮ ಮಂಗನ ಕಾಯಿಲೆಯಂಥ ವೈರಸ್ಸಿನ ಪ್ರೊಟೀನನ್ನು ಹರಳಾಗಿಸಿ ಒಯ್ದರೆ ಅದರ ಆಕಾರವನ್ನು ಇಂಥ ಬೀಮ್‌ಲೈನಿನಲ್ಲೇ ತೆಗೆಯುವುದು. ಉಳಿದವುಗಳ ಪಟ್ಟಿ ಬೇಡ ಬಿಡಿ. ಒಟ್ಟಿನಲ್ಲಿ ಮಷೀನು ನಡೆಸುವವರ ಕೆಲಸ ನಾಲೆಯಲ್ಲಿ ನೀರು ಬತ್ತದಂತೆ ನೋಡಿಕೊಳ್ಳುವುದು. ಬೆಳೆ ತೂಬಿನ ಕೆಳಗಿನವರದ್ದು.

ನಾಲೆಯಲ್ಲಿ ಹೇಗೋ ಇಲ್ಲೂ ಹಾಗೇ, ಸರದಿ ಇದೆ. ಇಂಥ ಕೆಲಸ ಮಾಡಬೇಕು, ಇಷ್ಟು ಹೊತ್ತು ಬೇಕು ಅಂತ ಬರೆದು ಅರ್ಜಿ ಹಾಕಬೇಕು. ತಿಳಿದವರು ಓದಿ ಒಪ್ಪಬೇಕು. ಸಿಗುವುದು ಕೆಲವು ಪಾಳಿ. ಪಾಳಿ ರಾತ್ರಿಯದ್ದಾದರೆ ರಾತ್ರಿ ಎರಡು ಗಂಟೆಗೂ ಎದ್ದಿರಬೇಕು. ಅದಕ್ಕೇ ನಾನು ಹುಡುಗರಿಗೆಲ್ಲ ಹೇಳುವುದು, ಅರ್ಧ ಪ್ರಯೋಗ ಶಿವಮೊಗ್ಗದಲ್ಲೇ ಮುಗಿದಿರಬೇಕು ಅಂತ. ಇಂದೋರಿನಲ್ಲಿ ಕೆಟ್ಟ ಮಾದರಿಯನ್ನು ಒಳ್ಳೆಯದು ಮಾಡುವ ಯಾವ ಬೀಮ್‌ಲೈನೂ ಇಲ್ಲ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ಜುಲೈ ತಿಂಗಳು, ಜಡಿ ಮಳೆ. ಮಣ್ಣನ್ನು ಜರಡಿ ಹಿಡಿದು, ಅಗೇಟ್ ಕಲ್ಲಿನ ಕುಟ್ಟಾಣಿಯಲ್ಲಿ ಗೋಧಿ ಹಿಟ್ಟಿಗಿಂತ ನುಣ್ಣಗೆ ಅರೆದು, ಹಿಡಿದುಕೊಳ್ಳಲಿ ಅಂತ ಸೆಲ್ಯುಲೋಸ್ ಪುಡಿ ಬೆರೆಸಿ, ಪ್ರೆಸ್‌ನಲ್ಲಿ ಒತ್ತಿ ಬಿಲ್ಲೆ ಮಾಡಿದೆ. ಎಂಟಾಣೆ ನಾಣ್ಯದಂಥ ಹನ್ನೆರಡು ಬಿಲ್ಲೆ. ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿದೆ. ಕಟ್ಟಿದ್ದು ಶಿವಮೊಗ್ಗದ ಗಾಳಿಯ ಜೊತೆಗೇ ಅನ್ನುವುದು ತಲೆಗೆ ಹೊಳೆಯಲಿಲ್ಲ. ಆ ತಿಂಗಳಲ್ಲಿ ಮನೆಯ ಉಪ್ಪಿನ ಭರಣಿ ಹೇಗಿರುತ್ತದೆ ಹೇಳಿ! ಅಲ್ಲಿ ಹೋಗಿ ಬಿಚ್ಚಿದರೆ ಬಿಲ್ಲೆಗಳು ಊದಿಕೊಂಡು ನೆನೆದ ಹಪ್ಪಳದ ಹಾಗೆ ಕೈಗೆ ಬಂದವು. ಎರಡಕ್ಕೆ ಬೂಷ್ಟು. ಪುಡಿ ಬೇರೆ ತಂದಿರಲಿಲ್ಲ. ಇದ್ದದ್ದನ್ನೇ ಮತ್ತೆ ಒಣಗಿಸಿ, ಅರೆದು, ಒತ್ತುವುದರೊಳಗೆ ಒಂದು ಇಡೀ ರಾತ್ರಿಯ ಪಾಳಿ ಹೋಯಿತು. ತಪ್ಪು ಪೂರ್ತಿ ನನ್ನದೇ. ಮಗಳಿಗೆ ಹೇಳಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಬೇಕು, ಒತ್ತದ ಪುಡಿ ಬೇರೆ ಇಟ್ಟುಕೊಳ್ಳಬೇಕು, ಪ್ರತಿ ಡಬ್ಬಿಯ ಮೇಲೂ ಪೆನ್ಸಿಲಿನಲ್ಲಿ ಬರೆದಿರಬೇಕು. ಪೆನ್ನು ಬೇಡ, ಮಳೆಗೆ ಹರಡುತ್ತದೆ.

ಇನ್ನೊಂದು ತೊಡಕು ನಮ್ಮ ಮಲೆನಾಡಿನದ್ದೇ. ನಮ್ಮ ಮಣ್ಣು ಕೆಂಪು, ಅಂದರೆ ಕಬ್ಬಿಣ. ತಾಮ್ರದ ಹೊಸ್ತಿಲಿಗೆ ಎಕ್ಸ್‌ರೇ ತಿರುಗಿಸಿದಾಗ ಕಬ್ಬಿಣದ ಹೊಸ್ತಿಲು ಆಗಲೇ ದಾಟಿರುತ್ತದೆ. ಎಕ್ಸ್‌ರೇ ನುಂಗಿದ ಪರಮಾಣು ತನ್ನದೇ ಎಕ್ಸ್‌ರೇ ಹೊಮ್ಮಿಸಿ ಹೊಳೆಯುತ್ತದೆ, ನಾವು ಎಣಿಸುವುದು ಆ ಹೊಳಪನ್ನೇ. ತಾಮ್ರ ಹೊಳೆಯುವುದಕ್ಕೆ ಮೊದಲೇ ಕಬ್ಬಿಣ ಧಗಧಗ ಅಂತ ತನ್ನ ಎಕ್ಸ್‌ರೇ ಹೊಮ್ಮಿಸುತ್ತಿರುತ್ತದೆ. ಜಾತ್ರೆಯಲ್ಲಿ ಡೊಳ್ಳಿನ ಪಕ್ಕ ನಿಂತು ಗುಟ್ಟು ಕೇಳಿಸಿಕೊಂಡ ಹಾಗೆ. ಎರಡರ ಹೊಳಪನ್ನೂ ಬೇರೆ ಬೇರೆ ಎಣಿಸುವ ಡಿಟೆಕ್ಟರ್ ಬೇಕು. ಅದರ ಮುಂದೆ ತೆಳು ಅಲ್ಯೂಮಿನಿಯಂ ಹಾಳೆ ಅಡ್ಡ ಇಟ್ಟರೆ ಇನ್ನೂ ವಾಸಿ, ಕಬ್ಬಿಣದ್ದು ಜಾಸ್ತಿ ತಡೆದು ತಾಮ್ರದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಒಂದು ಸಲ ಅಳೆದರೆ ಸಾಲದು. ಅದೇ ಬಿಲ್ಲೆಯನ್ನು ಮತ್ತೆ ಮತ್ತೆ ಅಳೆದು ಸೇರಿಸಬೇಕು. ಹಾಗಾಗಿ ಮೂವತ್ತು ಮಾದರಿ ಕಟ್ಟಿಕೊಂಡು ಹೋಗುವ ಆಸೆ ಬೇಡ. ಐದಾರು ಚೆನ್ನಾಗಿ ಬಂದರೆ ಅದೇ ದೊಡ್ಡದು.

ಆ ಐದಾರು ಯಾವುದು ಅನ್ನುವುದರಲ್ಲಿ ನಿಮ್ಮ ಪಾಲು ಇದೆ. ಬೀಮ್ ನೋಡುವುದು ಬಿಲ್ಲೆಯ ಮೇಲಿನ ಕೆಲವು ಮಿಲಿಮೀಟರ್ ಜಾಗ. ನಿಮ್ಮದು ಎರಡು ಎಕರೆ! ಒಂದು ಬುಡದ ಮಣ್ಣು ಒಯ್ದರೆ ಆ ಒಂದು ಬುಡದ ಕತೆ ಮಾತ್ರ ಗೊತ್ತಾಗುತ್ತದೆ. ಹತ್ತು ಬುಡದ್ದು ತೆಗೆದು, ಗೋಣಿಯ ಮೇಲೆ ಹರಡಿ, ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಟ್ಟು, ಹೀಗೇ ಕಮ್ಮಿ ಮಾಡುತ್ತಾ ಬರಬೇಕು. ಮಣ್ಣು ಪರೀಕ್ಷೆಗೆ ಕೊಡುವಾಗ ಮಾಡುವ ಕ್ರಮವೇ. ಔಷಧಿ ಕಲಸುವ ಡ್ರಮ್ಮು ಇಡುವ ಜಾಗದ್ದು ಬೇರೆ ಇಡಿ. ಔಷಧಿಯೇ ಬೀಳದ ಬೆಟ್ಟದ ಮಣ್ಣನ್ನೂ ಒಂದು ತೆಗೆದುಕೊಳ್ಳಿ, ಹೋಲಿಸಲು ಬೇಕು. ಬಸಿಗಾಲುವೆ ಪಕ್ಕದ ಸದಾ ಜೌಗು ಇರುವ ಮಣ್ಣನ್ನು ಮಾತ್ರ ಬಿಸಿಲಿಗೆ ಹಾಕಬೇಡಿ. ಗಾಳಿ ತಾಗಿದರೆ ಅದರೊಳಗಿನ ಕಬ್ಬಿಣವೂ ತಾಮ್ರವೂ ರೂಪ ಬದಲಿಸುತ್ತವೆ. ನಾವು ಹುಡುಕಿಕೊಂಡು ಹೋಗುವುದನ್ನು ನಾವೇ ಅಳಿಸಿದ ಹಾಗೆ ಆಗುತ್ತದೆ. ಅದನ್ನು ಹೇಗೆ ಮುಚ್ಚಿಡಬೇಕು ಅಂತ ಅವಳ ಗೈಡಿಗೆ ಗೊತ್ತಿರುತ್ತದೆ.

ಇಷ್ಟೆಲ್ಲಾ ಆದ ಮೇಲೂ ‘ಇನ್ನು ಬೋರ್ಡೋ ಹೊಡೆಯಬೇಡಿ’ ಎಂದೋ ‘ಧಾರಾಳ ಹೊಡೆಯಿರಿ’ ಎಂದೋ ಇಂಡಸ್-2 ಹೇಳುವುದಿಲ್ಲ. ತಾಮ್ರದಲ್ಲಿ ಇಷ್ಟು ಪಾಲು ಇಂಥ ರೂಪದಲ್ಲಿದೆ ಅನ್ನುತ್ತದೆ, ಅಲ್ಲಿಗೆ ಮುಗಿಯಿತು. ಯಾರಾದರೂ ಅದಕ್ಕಿಂತ ಜಾಸ್ತಿ ಹೇಳಿದರೆ ನಂಬುವ ಮೊದಲು ಎರಡು ಸಲ ಕೇಳಿ.

ಇನ್ನು ಅಮ್ಮನವರ ಹೆದರಿಕೆ. ಉಂಗುರದಲ್ಲಿ ಒಂದು ಹೊತ್ತಿಗೆ ಸುತ್ತುವ ಎಲೆಕ್ಟ್ರಾನುಗಳು ಸುಮಾರು ಎಪ್ಪತ್ತು ಸಾವಿರ ಕೋಟಿ. ಸಂಖ್ಯೆ ಕೇಳಿದರೆ ಗಾಬರಿ. ಆದರೆ ಅವುಗಳ ಒಟ್ಟು ಶಕ್ತಿ ಲೆಕ್ಕ ಹಾಕಿದರೆ 290 ಜೂಲ್ ಆಸುಪಾಸು. ಒಂದೂವರೆ ಕೆಜಿಯ ತೆಂಗಿನಕಾಯಿ ಇಪ್ಪತ್ತು ಮೀಟರ್ ಎತ್ತರದ ಮರದಿಂದ ಬಿದ್ದರೆ ಎಷ್ಟೋ ಅಷ್ಟೇ. ತಲೆ ಕೆಳಗೆ ಒಡ್ಡಬಾರದು, ನಿಜ. ಅದಕ್ಕೇ ಉಂಗುರದ ಸುತ್ತ ದಪ್ಪ ಕಾಂಕ್ರೀಟ್ ಗೋಡೆ ಇದೆ. ಮಾದರಿ ಇಡುವ ಕೋಣೆಗೆ ಸೀಸದ ಗೋಡೆ. ಒಳಗೆ ಯಾರೂ ಇಲ್ಲ ಅಂತ ಸುತ್ತಿ ನೋಡಿ ಬಾಗಿಲು ಹಾಕಿದ ಮೇಲಷ್ಟೇ ಎಕ್ಸ್‌ರೇ ಒಳಗೆ ಬರುತ್ತದೆ. ಬೀಮ್ ಬಂದಾಗ ಮಗಳು ಹೊರಗಡೆ ಕಂಪ್ಯೂಟರ್ ಮುಂದೆ ಕೂತಿರುತ್ತಾಳೆ. ಎದೆಗೆ ಒಂದು ಬ್ಯಾಡ್ಜ್ ಕೊಡುತ್ತಾರೆ, ವಿಕಿರಣ ತಾಗಿದ್ದರೆ ಅದರಲ್ಲಿ ದಾಖಲಾಗುತ್ತದೆ. ಇದು ರಿಯಾಕ್ಟರ್ ಅಲ್ಲ. ಒಳಗೆ ಯುರೇನಿಯಂ ಇಲ್ಲ, ಸ್ವಿಚ್ ಆರಿಸಿದರೆ ಬೆಳಕೂ ಆರಿತು. ಈ ಶಕ್ತಿಯ ಎಕ್ಸ್‌ರೇಯಿಂದ ಮಣ್ಣು ವಿಕಿರಣಶೀಲ ಆಗುವುದೂ ಇಲ್ಲ. ವಾಪಸ್ ತಂದು ತೋಟಕ್ಕೇ ಹಾಕಬಹುದು. ಮನೆಯಲ್ಲಿ ಹಿಂದೆ ಡಬ್ಬಾ ಟಿವಿ ಇತ್ತಲ್ಲ, ಅದರ ಗಾಜಿನ ಕೊಳವೆಯೂ ಇಪ್ಪತ್ತು ಇಪ್ಪತ್ತೈದು ಸಾವಿರ ವೋಲ್ಟಿನ ಎಲೆಕ್ಟ್ರಾನ್ ಆಕ್ಸಿಲರೇಟರೇ. ಅದರ ಎದುರು ಕೂತು ಎಷ್ಟು ಧಾರಾವಾಹಿ ನೋಡಿದ್ದೇವೆ!

ತೆಂಗಿನಕಾಯಿ ಅಂದೆನಲ್ಲ, ನೆನಪಾಯಿತು. ಇಂಡಸ್-2 ಇರುವ ಇಂದೋರಿನ ಆ ಕೇಂದ್ರಕ್ಕೆ 1984ರಲ್ಲಿ ಅಡಿಗಲ್ಲು ಬಿತ್ತು. 2005ರಲ್ಲಿ ಅದಕ್ಕೆ ರಾಜಾ ರಾಮಣ್ಣ ಅವರ ಹೆಸರಿಟ್ಟರು. ಅವರು ಹುಟ್ಟಿದ್ದು ತೆಂಗಿಗೆ ಹೆಸರಾದ ತಿಪಟೂರಿನಲ್ಲಿ, ಪಿಯಾನೊ ನುಡಿಸುತ್ತಿದ್ದ ಅಣುವಿಜ್ಞಾನಿ. ಇಂದೋರು ದೂರವಾದರೂ ಗೇಟಿನ ಮೇಲಿನ ಹೆಸರು ನಮ್ಮ ಕಡೆಯದ್ದೇ ಅಂತ ಅಮ್ಮನವರಿಗೆ ಹೇಳಿ.

ಹತ್ತಿರದಲ್ಲಿ ಯಾವುದೂ ಇಲ್ವಾ ಅಂತ ಕೇಳಬಹುದು. ಆಗುಂಬೆ ಇಳಿದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ 80 ಲಕ್ಷ ಎಲೆಕ್ಟ್ರಾನ್‌ವೋಲ್ಟಿನ ಮೈಕ್ರೊಟ್ರಾನ್ ಇದೆ. ವಸ್ತುಗಳಿಗೆ ಎಲೆಕ್ಟ್ರಾನ್ ಹಾಯಿಸಿ ಏನಾಗುತ್ತದೆ ನೋಡಲು ಅದು ಬಹಳ ಒಳ್ಳೆಯದು. ಆದರೆ ಅದು ಇಂಡಸ್‌ನಂಥ ಉಂಗುರವಲ್ಲ, ಈ ಬೆಳಕು ಅಲ್ಲಿ ಸಿಗುವುದಿಲ್ಲ.

ನೀವು ಜೊತೆಗೆ ಹೋಗುವ ವಿಚಾರ. ಅದು ಪರಮಾಣು ಶಕ್ತಿ ಇಲಾಖೆಯ ಆವರಣ. ಮೊದಲೇ ಹೆಸರು ಕೊಟ್ಟು ಪಾಸ್ ಮಾಡಿಸಿದವರಿಗೆ ಮಾತ್ರ ಒಳಗೆ ಬಿಡುತ್ತಾರೆ. ನೀವು ಗೇಟಿನ ಹೊರಗೆ ಕೂರಬೇಕಾದೀತು, ಅವಳು ರಾತ್ರಿ ಪಾಳಿಯಲ್ಲಿರುತ್ತಾಳೆ. ಬೇಡ ಬಿಡಿ.

ಅದರ ಬದಲು ಒಂದು ಕೆಲಸ ಮಾಡಿ. ಮಣ್ಣಿನ ತಾಮ್ರವನ್ನು ಹೋಲಿಸಿ ನೋಡಲು ಅವಳಿಗೆ ಗೊತ್ತಿರುವ ರೂಪದ ತಾಮ್ರವೂ ಬೇಕು. ಬರೀ ಮೈಲುತುತ್ತ ಒಂದು, ಸುಣ್ಣ ಸೇರಿದ ಬೋರ್ಡೋ ಇನ್ನೊಂದು. ಅಂಗಡಿ ಬಾಟಲಿಯ ಕೆಮಿಕಲ್ ಇದ್ದೇ ಇರುತ್ತದೆ. ಆದರೆ ನಿಮ್ಮ ತೋಟಕ್ಕೆ ಬಿದ್ದದ್ದು ನಿಮ್ಮ ಡ್ರಮ್ಮಿನದ್ದಲ್ವಾ? ಈ ಸಲ ಕಲಸಿ, ಕತ್ತಿ ಅದ್ದಿ ಸರಿ ಅನ್ನಿಸಿದ ಮೇಲೆ, ಒಂದು ಲೋಟ ತೆಗೆದು ತಳಕ್ಕೆ ಕೂರುವ ನೀಲಿ ಗಸಿಯನ್ನು ನೆರಳಿನಲ್ಲಿ ಒಣಗಿಸಿ. ಗಾಜಿನ ಬಾಟಲಿಗೆ ಹಾಕಿ ತಾರೀಖು ಬರೆದಿಡಿ. ಲೋಟ ಸ್ಟೀಲಿನದ್ದೋ ಪ್ಲಾಸ್ಟಿಕ್ಕಿನದ್ದೋ ಇರಲಿ, ದೇವರ ಮನೆಯ ತಾಮ್ರದ ಚೊಂಬು ಮಾತ್ರ ಬೇಡ.